ಕೋಳಿಗೆ ಹಾಕಿದ ಕೆಂಪು ಕಾಳು

ಕಾನ್ಸಾಸ್ ಸೀಮೆ
ಬಿಸಿಲುಮಾಸದ ನಲವತ್ತೊಂದನೆಯ ದಿನ, 2191

ಗುರುಬಸವ್ವಜ್ಜಿಗೆ ನಿಮ್ಮ ಮೊಮ್ಮಗನ ಮೊಮ್ಮಗಳು ದಾಕ್ಷಾಯಿಣಿ ಮಾಡುವ ನಮಸ್ಕಾರಗಳು. ನೂರೈವತ್ತು ವರ್ಷ ಹಿಂದಿನ ನಿಮಗೆ ಬರೆಯುತ್ತಿದ್ದೇನೆ, ನಿಮಗಿನ್ನೂ ಮೂವತ್ತಾರು ತುಂಬಿಲ್ಲ. ಅರವತ್ತು ದಾಟಿದ ನಾನು ಅಜ್ಜಿ ಎಂದರೆ ಸಿಟ್ಟಾಗಬೇಡಿ. ತಾರೀಕು ನೋಡಿ ನನಗೆ ಅರಳುಮರಳು ಎಂದೂ ತಿಳಿಯಬೇಡಿ. ಇಲ್ಲಿ ಬೇಸಿಗೆ ಮುಗಿಯುವುದೇ ಇಲ್ಲವಾದ್ದರಿಂದ ಅರವತ್ತು ದಿನದ ಈ ಮಾಸವನ್ನು ಪಂಚಾಂಗಕ್ಕೆ ಸೇರಿಸಿಕೊಂಡಿದ್ದೇವೆ. ನನ್ನ ಮಾತು ಬೇರೆಲ್ಲಿ ವಿಚಿತ್ರವೆನಿಸಿದರೂ ಹೊಟ್ಟೆಗೆ ಹಾಕಿಕೊಳ್ಳಿ.

ನೀವು ಈ ಸೀಮೆಯ ಹಿತ್ತಲಲ್ಲಿ ಬಿತ್ತುತ್ತಿರುವ, ಬಣ್ಣಬಣ್ಣದ ಕಾಳಿನ ಬೆರಕೆ ಜೋಳ ನಮ್ಮ ಕಾಲಕ್ಕೆ ಎಂಬತ್ತು ಎಕರೆಯಾಯಿತು. ಊರವರು ಅದನ್ನು ಗುರುಬಸವ್ವನ ಜೋಳ ಎನ್ನುತ್ತಾರೆ. ಸುತ್ತಲಿನವರದೆಲ್ಲ ಅವಳಿಬೆಳೆ, ಎಂದರೆ ನೂರು ಮೈಲಿಗೂ ಒಂದೇ ಬೀಜ, ಒಂದೇ ಎತ್ತರ, ಒಂದೇ ದಿನ ಕೊಯ್ಲು. ನೀರಿಗೆ ಬರ, ಸ್ನಾನ ವಾರಕ್ಕೆರಡು ಸಲ, ಮುಖ ತೊಳೆದ ನೀರು ಬದನೆ ಗಿಡಕ್ಕೆ. ಆದರೂ ಬೆಳಗಾದರೆ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ತಪ್ಪುತ್ತಿರಲಿಲ್ಲ.

ತಪ್ಪಿಸಿದವಳು ನಾನೇ. ಬೀಜ ಹಸನು ಮಾಡುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂಬ ಜಂಬ ನನಗೆ. ಮೊರದ ಮುಂದೆ ಕೂತು ಸಣ್ಣವು, ಕೆಂಪಗಿನವು ಎಲ್ಲ ಆರಿಸಿ ಕೋಳಿಗೆ ಹಾಕಿ, ದುಂಡನೆಯ ಬಿಳಿ ಕಾಳನ್ನಷ್ಟೇ ಬಿತ್ತನೆಗೆ ಇಟ್ಟೆ. ಹೀಗೆ ನಲವತ್ತು ವರ್ಷ. ನಿಮ್ಮ ಬೆರಕೆ ಜೋಳವನ್ನು ನನ್ನ ಕೈಯಾರೆ ಅವಳಿಬೆಳೆ ಮಾಡಿಬಿಟ್ಟೆ. ಮೂರು ವರ್ಷ ಮಳೆ ಕೈಕೊಟ್ಟಾಗ ನೆರೆಯವರ ಹೊಲದ ಜತೆಗೆ ನಮ್ಮದೂ ಒಣಗಿತು. ತಿನ್ನಲು ಕಾಳಿಲ್ಲ, ಬಿತ್ತಲೂ ಇಲ್ಲ.

ನನ್ನ ಸೊಸೆ ಲೊರೀನಾ ಇಲ್ಲಿಯವಳು, ಮೊರ ಹಿಡಿಯಲು ಬಾರದವಳು. ಅದಕ್ಕಾಗಿ ಆಕೆಯನ್ನು ಎಷ್ಟು ಕುಟುಕಿದ್ದೆನೋ. ಆ ಕೆಂಪು ಕಾಳನ್ನು ನೋಡಿ ಅಯ್ಯೋ ಅನ್ನಿಸಿ, ಆಕೆ ವರ್ಷವೂ ಒಂದು ಬೊಗಸೆಯನ್ನು ಕೋಳಿಗೂಡಿನ ಹಿಂದೆ ಬಿತ್ತುತ್ತಿದ್ದಳಂತೆ. ಕಳೆದ ಸುಗ್ಗಿಯಲ್ಲಿ ನನ್ನ ಕೈಹಿಡಿದು ಅಲ್ಲಿಗೆ ಕರೆದೊಯ್ದಳು.

"ಅತ್ತೀ, ಇವು ಒಣಗಿಲ್ಲ ನೋಡ್ರಿ. ನೀವು ಬ್ಯಾಡಂದಿದ್ದವು."

ಮೊಳಕಾಲೆತ್ತರದ ಗಿಡಗಳು, ಒಂದೊಂದರ ತೆನೆ ಒಂದೊಂದು ಬಣ್ಣ. ನನಗೆ ನಾಚಿಕೆಯಾಯಿತು, ಅಲ್ಲೇ ಕೂತು ಅತ್ತುಬಿಟ್ಟೆ. ಆಕೆ ಸೆರಗಿಲ್ಲದ ತನ್ನ ಅಂಗಿಯ ತುದಿಯಿಂದ ನನ್ನ ಮುಖ ಒರೆಸಿದಳು.

ಅಜ್ಜಿ, ನಾಳೆ ಬಿತ್ತನೆ. ಆ ಕಾಳು ಮೂರು ಎಕರೆಗೆ ಸಾಕು. ಇದೂ ಹೋದರೆ ನಮ್ಮಲ್ಲಿ ಬೀಜವೇ ಇಲ್ಲ. ಮನೆಯ ಹಿರಿಯಳ ಉಡಿಗೆ ಬೀಜ ತುಂಬಿ, ಮೊದಲ ಹಿಡಿಯನ್ನು ಆಕೆಯಿಂದಲೇ ಹಾಕಿಸುವ ಪದ್ಧತಿ ನಿಮ್ಮದೇ. ಈ ಸಲ ನಾನು ಲೊರೀನಾಳ ಉಡಿ ತುಂಬುತ್ತೇನೆ. ಇನ್ನೊಂದು ಕೇಳಿಕೊಳ್ಳುವುದಿದೆ. ಜೋಳಕ್ಕೆ ನಿಮ್ಮ ಹೆಸರು ತೆಗೆದು ಆಕೆಯ ಹೆಸರಿಡಬೇಕೆಂದಿದ್ದೇನೆ, ಅಪ್ಪಣೆ ಕೊಡಿ. ಊರಿಗೆಲ್ಲ ನಾನೇ ತಿಳಿಸುತ್ತೇನೆ. ಯಾಕೆ ಎಂದು ಕೇಳಿದವರಿಗೆ ಅದನ್ನೂ ನಾನೇ ಹೇಳುತ್ತೇನೆ.

ನಿಮ್ಮ
ದಾಕ್ಷಾಯಿಣಿ