ಎರಡನೇ ಸಂದೇಶ

೧೯ ಸೆಪ್ಟೆಂಬರ್, ಶುಕ್ರವಾರ ಸಂಜೆ

ಪ್ರೀತಿಯ ಗುಂಡ,

ಮೊದಲು ಸಮಾಧಾನ ಮಾಡಿಕೋ. ನಿನ್ನ ಅಕ್ಕ ಗುಂಡುಕಲ್ಲಿನ ಹಾಗಿದ್ದಾಳೆ. ಮಂಗಳವಾರ ನಿನ್ನ ಫೋನಿಗೆ "ನಿಮ್ಮವರು ಇರುವ ಕಟ್ಟಡದಲ್ಲಿ ಬೆಂಕಿ ಬಿದ್ದಿದೆ, ಅವರು ಇನ್ನೂ ಹೊರಗೆ ಬಂದಿಲ್ಲ" ಎಂದು ಬಂತಲ್ಲ, ಅದು ಸುಳ್ಳು. ಬೆಂಕಿಯೂ ಇಲ್ಲ, ಹೊಗೆಯೂ ಇಲ್ಲ. ಅದರ ಹಿಂದೆಯೇ "ಸುರಕ್ಷಿತವಾಗಿ ಹೊರಬಂದರು" ಎಂಬ ಎರಡನೇ ಸಂದೇಶ ಹೋಗಬೇಕಿತ್ತು, ನಿನಗೆ ಮಾತ್ರ ಹೋಗಲಿಲ್ಲ. ಅವತ್ತೇ ಬರೆಯಬೇಕಿತ್ತು. ಬರೆದು ಹರಿದು, ಬರೆದು ಹರಿದು ಶುಕ್ರವಾರವಾಯಿತು, ಕ್ಷಮಿಸು. ಫೋನ್ ಮಾಡಬಹುದಿತ್ತಲ್ಲ ಅನ್ನಬೇಡ. "ಅಕ್ಕಾ, ಪದೇ ಪದೇ ಫೋನ್ ಮಾಡ್ಬೇಡ, ಬಿಡುವಾದಾಗ ನಾನೇ ಮಾಡ್ತೀನಿ" ಅಂದವನು ನೀನೇ. ಅದು ಹೋದ ವರ್ಷದ ಮಾತು. ಇನ್ನೂ ಬಿಡುವಾಗಿಲ್ಲ ಅಂತ ಕಾಣುತ್ತದೆ.

ಆದದ್ದಿಷ್ಟು. ನಮ್ಮ ಆಫೀಸು ಕಟ್ಟಡದ ಲಿಫ್ಟು, ಪಂಪು, ನಲ್ಲಿ, ಬಾಗಿಲು ಎಲ್ಲ ನನ್ನ ಕುತ್ತಿಗೆಗೇ ಕಟ್ಟಿದ್ದಾರೆಂದು ನಿನಗೆ ಗೊತ್ತಲ್ಲ. ಈಗ ಅದನ್ನೆಲ್ಲ ಒಂದು ಸಾಫ್ಟ್‌ವೇರ್ ನೋಡಿಕೊಳ್ಳಬೇಕಂತೆ. ಅದನ್ನು ಆರಿಸಲು ನನ್ನನ್ನೂ ನಮ್ಮ ಲಿಫ್ಟ್ ರಿಪೇರಿಯವರನ್ನೂ ಒಂದು ದೊಡ್ಡ ವಸ್ತುಪ್ರದರ್ಶನಕ್ಕೆ ಕಳಿಸಿದರು. ಅವರನ್ನು ನಾವೆಲ್ಲ ಮೇಷ್ಟ್ರು ಅನ್ನುತ್ತೇವೆ, ಏನು ಕೇಳಿದರೂ ಪಾಠ ಶುರುಮಾಡಿಬಿಡುತ್ತಾರೆ.

ಅಯ್ಯೋ, ಆ ಗದ್ದಲ! ಎಲ್ಲಿ ನೋಡಿದರೂ ಪುಕ್ಕಟೆ ಪೆನ್ನು, ಪುಕ್ಕಟೆ ಚೀಲ. ಬೆಂಕಿ ತಡೆಯುವ ಬಾಗಿಲು ಮಾರುವವರೊಬ್ಬರು ತಮ್ಮ ರಟ್ಟಿನ ಪೆಟ್ಟಿಗೆಗಳನ್ನೆಲ್ಲ ತುರ್ತು ಬಾಗಿಲಿಗೇ ಅಡ್ಡ ಪೇರಿಸಿದ್ದರು. ನನಗೆ ಪಿತ್ತ ನೆತ್ತಿಗೇರಿತು. "ಏನ್ ಸ್ವಾಮಿ, ಬೆಂಕಿ ಬಿದ್ರೆ ಜನ ನಿಮ್ ಪೆಟ್ಟಿಗೆ ಹಾರಿ ಓಡ್ಬೇಕಾ?" ಎಂದು ತರಾಟೆಗೆ ತೆಗೆದುಕೊಂಡು, ಎಲ್ಲ ಎತ್ತಿಸಿಯೇ ಮುಂದೆ ಹೋದದ್ದು. "ಇಲ್ಲೂ ಶುರು ಹಚ್ಕೊಂಡ್ರಾ?" ಎಂದು ಮೇಷ್ಟ್ರು ತಲೆ ಚಚ್ಚಿಕೊಂಡರು.

ಆಮೇಲೆ ಆ ಸಾಫ್ಟ್‌ವೇರಿನ ಮಳಿಗೆ. ತೋರಿಸಲು ನಿಂತಿದ್ದವಳು ಚುರುಕು ಹುಡುಗಿ. ಇಡೀ ಕಟ್ಟಡ ಒಂದು ಪರದೆಯ ಮೇಲೆ ಬರುತ್ತದೆ ಕಣೋ. ಉಗ್ರಾಣದಲ್ಲಿ ಹೊಗೆಯೆದ್ದರೆ ಆ ಕೋಣೆ ಕೆಂಪಾಗುತ್ತದೆ, ಲಿಫ್ಟು ತಾನಾಗಿ ಕೆಳಗಿಳಿದು ಬಾಗಿಲು ತೆರೆದು ನಿಲ್ಲುತ್ತದೆ, ಒಳಗೆ ಯಾರು ಉಳಿದಿದ್ದಾರೆಂದು ಚುಕ್ಕೆಗಳು ತೋರಿಸುತ್ತವೆ. ಹಾಗೆ ಉಳಿದವರ ಹತ್ತಿರದವರಿಗೆ ಸಂದೇಶ ಹೋಗುತ್ತದೆ. ಅದನ್ನು ತೋರಿಸಲು ನೋಡಬಂದವರೆಲ್ಲರ ಹತ್ತಿರ ಅವರವರ ಮನೆಯವರೊಬ್ಬರ ನಂಬರ್ ಕೇಳಿದಳು. ನಾನು ನಿನ್ನದನ್ನು ಪಟಪಟ ಹೇಳಿದೆ.

ಸಂದೇಶದ ತಲೆಯ ಮೇಲೆ "ಇದು ಪರೀಕ್ಷೆ ಮಾತ್ರ" ಎಂದಿತ್ತು. ನನ್ನ ಬುದ್ಧಿ ನಿನಗೆ ಗೊತ್ತಿದ್ದದ್ದೇ. "ಮೊದ್ಲೇ ಹೇಳಿ ಮಾಡೋ ಡ್ರಿಲ್ಲು ಒಂದು ಡ್ರಿಲ್ಲೇನಮ್ಮಾ? ನನ್ನದ್ರಲ್ಲಿ ಅದನ್ನ ತೆಗೆದುಬಿಡು" ಅಂದೆ. ಆಫೀಸಿನಲ್ಲೂ ಬೆಂಕಿಯ ಡ್ರಿಲ್ಲಿಗೆ ನಾನು ಹೇಳದೆಯೇ ಗಂಟೆ ಬಾರಿಸುವುದು, ಎಲ್ಲರೂ ನನಗೆ ಹಿಡಿಶಾಪ ಹಾಕುತ್ತಲೇ ಮೆಟ್ಟಿಲಿಳಿಯುವುದು. ಹುಡುಗಿ "ಬೇಡ ಮೇಡಂ, ಮನೆಯವ್ರು ಹೆದರ್ಕೋತಾರೆ" ಅಂದಳು. "ಹೆದರ್ಕೊಳ್ಲಿ ಬಿಡು" ಅಂದೆ. ನಿಜ ಹೇಳಲಾ? ನೀನು ಒಂದು ಗಳಿಗೆ ನನಗಾಗಿ ಹೆದರಲಿ ಅಂತಲೇ ನನಗಿತ್ತು.

ಹುಡುಗಿ ಗುಂಡಿ ಒತ್ತಿದಳು. ಒಂದೊಂದಾಗಿ ಫೋನುಗಳು ಹೊಡೆದುಕೊಳ್ಳತೊಡಗಿದವು. ಪರೀಕ್ಷೆ ಅಂತ ಬರೆದಿದ್ದರೂ ಎಲ್ಲರ ಮನೆಯವರೂ ಫೋನ್ ಮಾಡಿದರು ಗುಂಡ! ಮೇಷ್ಟ್ರ ಹೆಂಡತಿ, "ಈ ವಯಸ್ಸಲ್ಲಿ ನಿಮಗೆಂಥ ಪರೀಕ್ಷೆ ರೀ?" ಎಂದು ಗದರಿದ್ದು ನನಗೂ ಕೇಳಿಸಿತು. ಪಕ್ಕದವರೊಬ್ಬರ ತಾಯಿ ಫೋನಿನಲ್ಲೇ ಅಳುತ್ತಿದ್ದರು, ಇವರು "ಏನಿಲ್ಲಮ್ಮ, ಏನಿಲ್ಲ" ಅನ್ನುತ್ತಾ ನಗುತ್ತಿದ್ದರು. ನಾನು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆ. ಮೇಷ್ಟ್ರು "ಈ ಹಾಲ್‌ನಲ್ಲಿ ಸಿಗ್ನಲ್ ಸರಿ ಇಲ್ಲ ಮೇಡಂ, ತಗಡಿನ ಸೂರು ನೋಡಿ, ಅದಕ್ಕೇನಾಗುತ್ತೆ ಅಂದ್ರೆ..." ಎಂದು ಶುರುಮಾಡಿದವರು ನನ್ನ ಮುಖ ನೋಡಿ ಸುಮ್ಮನಾದರು. ಅವರು ಪಾಠ ಅರ್ಧಕ್ಕೆ ಬಿಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು. "ಅವನು ಮೀಟಿಂಗಲ್ಲಿರ್ತಾನೆ" ಅಂದೆ. ಆಮೇಲೆ ಎರಡನೇ ಸಂದೇಶ ಹೋದಾಗ ಪರದೆಯಲ್ಲಿ ಎಲ್ಲರ ನಂಬರಿನ ಮುಂದೆಯೂ ಗುರುತು ಬಿತ್ತು, ನಿನ್ನದರ ಮುಂದೆ ಮಾತ್ರ ಬೀಳಲಿಲ್ಲ.

ಮನೆಗೆ ಬಂದು ಫೋನನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟೆ. ನಲ್ಲಿ ತಿರುಗಿಸಿದರೆ ರಿಂಗ್ ಕೇಳಿಸದೇನೋ ಎಂದು ಅವತ್ತು ಪಾತ್ರೆ ಕೂಡ ತೊಳೆಯಲಿಲ್ಲ.

ಅಮ್ಮ ಹೋದ ಹೊಸತರಲ್ಲಿ ನಾನು ಬಚ್ಚಲಿಗೆ ಹೋದರೂ ನೀನು ಬಾಗಿಲ ಹೊರಗೆ ಕೂತಿರುತ್ತಿದ್ದೆ, ನೆನಪಿದೆಯಾ? "ಅಕ್ಕಾ, ಇದ್ದೀಯಾ?" ಎಂದು ಕೂಗುತ್ತಿದ್ದೆ. ನಾನು ಒಳಗಿಂದ "ಇದ್ದೀನಿ ಕಣೋ" ಅನ್ನಬೇಕಿತ್ತು. ಮುಖಕ್ಕೆಲ್ಲ ಸೋಪು ಮೆತ್ತಿಕೊಂಡಿದ್ದರೂ ಅನ್ನಬೇಕಿತ್ತು, ಇಲ್ಲದಿದ್ದರೆ ಬಾಗಿಲು ಬಡಿದು ಬೀದಿಗೆಲ್ಲ ಕೇಳುವಂತೆ ಅಳುತ್ತಿದ್ದೆ. ಆಗ ನಿನ್ನ ಮೇಲೆ ರೇಗುತ್ತಿದ್ದೆ. ಈಗ ಬಚ್ಚಲಲ್ಲಿ ನೀರು ನಿಲ್ಲಿಸಿದರೆ ಮನೆಯಲ್ಲಿ ಸದ್ದೇ ಇರುವುದಿಲ್ಲ.

ಇರಲಿ ಬಿಡು. ಆ ಸಾಫ್ಟ್‌ವೇರನ್ನೇ ಕೊಳ್ಳುತ್ತಿದ್ದೇವೆ. ನಿನ್ನ ಹೆಂಡತಿಯ ಬೆನ್ನುನೋವು ಹೇಗಿದೆ? ಮಕ್ಕಳು ಅತ್ತೆಯ ಮುಖ ಮರೆತಿರಬೇಕು, ಒಂದು ಫೋಟೋ ಇಟ್ಟಿದ್ದೇನೆ, ತೋರಿಸು. ನೀವೆಲ್ಲ ನೂರು ಕಾಲ ತಣ್ಣಗಿರಿ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ,
ಅಕ್ಕ

ಮರೆತ ಮಾತು: ನಿಜಕ್ಕೂ ಮರೆತದ್ದಲ್ಲ. ಸಾಫ್ಟ್‌ವೇರಿನ ಯಂತ್ರಗಳನ್ನು ಜೋಡಿಸುವ ಜಾಗ ನೋಡಲು ಆ ಮಳಿಗೆಯ ಹುಡುಗಿ ನಿನ್ನೆ ನಮ್ಮ ಆಫೀಸಿಗೆ ಬಂದಿದ್ದಳು. ಎರಡನೇ ಸಂದೇಶ ನಿನಗೇಕೆ ಹೋಗಲಿಲ್ಲ ಎಂದು ಕೇಳಿದೆ. ಹೇಳಲು ಇಷ್ಟವಿಲ್ಲದೆಯೇ ಹೇಳಿದಳು. ಮೊದಲ ಸಂದೇಶದ ಕೆಳಗೆ ಒಳಗೆ ಉಳಿದವರ ಹೆಸರೂ ಎರಡು ಗುಂಡಿಯೂ ಇರುತ್ತವಂತೆ. "ಸಂದೇಶ ತಲುಪಿತು" ಎಂದು ಒಂದು, "ಇವರು ನನಗೆ ಸಂಬಂಧಪಟ್ಟವರಲ್ಲ" ಎಂದು ಇನ್ನೊಂದು. ಆ ಇನ್ನೊಂದನ್ನು ಒತ್ತಿದವರಿಗೆ ಮುಂದೆ ಯಾವ ಸಂದೇಶವೂ ಹೋಗುವುದಿಲ್ಲ. ನಿನ್ನ ಫೋನಿನಿಂದ ಒತ್ತಿದ್ದು ಅದನ್ನೇ. "ಕೈತಪ್ಪಿ ಒತ್ತಿರ್ತಾರೆ ಮೇಡಂ" ಅಂದಳು. ನಾನೂ ಹೂಂ ಅಂದೆ. ಕೈತಪ್ಪಿ ಆಗಿದ್ದರೆ ಒಂದು ಸಾಲು ಬರೆ. ಈ ತಿಂಗಳ ಕೊನೆಯೊಳಗೆ ಆಫೀಸಿನಲ್ಲಿ ನಾವೆಲ್ಲ ಆ ಸಾಫ್ಟ್‌ವೇರಿಗೆ ಹತ್ತಿರದವರೊಬ್ಬರ ನಂಬರ್ ಕೊಡಬೇಕು. ನನಗೆ ಬೇರೆ ಯಾರ ನಂಬರೂ ಬಾಯಿಗೆ ಬರುವುದಿಲ್ಲ ಕಣೋ.