ಕಂಬವಿಲ್ಲದ ಮೆಟ್ಟಿಲು

ಸಿದ್ಧಾರ್ಥನಗರ, ಮೈಸೂರು
೧೬ ಜುಲೈ ೨೦೨೪

ನಿಶ್ಚಿತಾ, ನನ್ನ ಹಳೆಯ ಗೆಳತಿಯೇ,

ಭಾನುವಾರ ನಿನ್ನ ಪುಸ್ತಕದ ಬಿಡುಗಡೆ ಮುಗಿಯುತ್ತಿದ್ದಂತೆ ಊಟಕ್ಕೂ ನಿಲ್ಲದೆ ಹೊರಟುಬಿಟ್ಟೆನಲ್ಲ, ತಲೆನೋವು ಅಂದದ್ದು ಸುಳ್ಳು. ಜನ ನಿನಗೆ ಚಪ್ಪಾಳೆ ತಟ್ಟುವುದನ್ನು ನೋಡಲಾಗಲಿಲ್ಲ. ಹೊಟ್ಟೆಕಿಚ್ಚು ಕಣೇ. ಅದಕ್ಕೆ ಬೇರೆ ಹೆಸರಿಲ್ಲ.

ಕಾಲೇಜಿನ ದಿನಗಳಲ್ಲಿ ಎಡ್ಮಂಡ್ ಹಾರ್ಗ್ರೀವ್ ನಮ್ಮಿಬ್ಬರ ಹುಚ್ಚಾಗಿದ್ದ. ಇಪ್ಪತ್ತಾರನೇ ವಯಸ್ಸಿಗೆ ಮೈಸೂರಿಗೆ ಬಂದು, ಏಳು ವರ್ಷ ಇದ್ದು, ಒಂದು ವಿದ್ಯಾರ್ಥಿನಿಲಯ ಕಟ್ಟಿಸಿ, ಇಂಗ್ಲೆಂಡಿಗೆ ಮರಳಿ ದೊಡ್ಡ ವಾಸ್ತುಶಿಲ್ಪಿ ಅನ್ನಿಸಿಕೊಂಡವನು. ಆ ಕಟ್ಟಡ ಅಳೆಯುವಾಗ ಟೇಪಿನ ಒಂದು ತುದಿ ನಿನ್ನ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಆಮೇಲೆ ನೀನು ಲಂಡನ್ನಿಗೆ ಹೋಗಿ ಅವನ ಜೀವನಚರಿತ್ರೆ ಬರೆದೆ. ನಾನು ವಿಜಯನಗರದ ಸೈಟುಗಳಿಗೆ ಅಡುಗೆಮನೆ ಪ್ಲಾನ್ ಬರೆಯುತ್ತ ಕೂತೆ. ನಿನ್ನ ಮುನ್ನುಡಿಯಲ್ಲಿ ನಾನು ‘ಅಳತೆಗೆ ನೆರವಾದ ಗೆಳತಿ’.

ಈಗ ನನ್ನ ತಪ್ಪು ಕೇಳು. ಮೂರು ವರ್ಷದ ಹಿಂದೆ ಮಂಡಿ ಮೊಹಲ್ಲಾದ ಸಿದ್ದಮಲ್ಲಪ್ಪನವರು ತಮ್ಮ ಹಳೇ ಮಳಿಗೆ ದುರಸ್ತಿಗೆ ನನ್ನನ್ನು ಕರೆದಿದ್ದರು. ಅಟ್ಟದ ಮೇಲೆ ಒಂದು ತಗಡಿನ ಪೆಟ್ಟಿಗೆ ಸಿಕ್ಕಿತು. ಅವರ ಅಜ್ಜ ಚಂದ್ರಮೌಳಿ ಹಾರ್ಗ್ರೀವ್‌ನ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದವರಂತೆ. ಪೆಟ್ಟಿಗೆಯಲ್ಲಿ ಅವರ ಸಹಿಯಿದ್ದ ನಕ್ಷೆಗಳು, ಜೊತೆಗೆ ಹಾರ್ಗ್ರೀವ್ ಲಂಡನ್ನಿನಿಂದ ಬರೆದ ಒಂದು ಕಾಗದ. ಅಲ್ಲಿ ಅವನಿಗೆ ಪದಕ ತಂದುಕೊಟ್ಟ ಗ್ರಂಥಾಲಯದ ನಡುಗಂಬವಿಲ್ಲದ ಸುರುಳಿ ಮೆಟ್ಟಿಲು, ನಿನ್ನ ಪುಸ್ತಕದ ಮುಖಪುಟದ ಮೇಲಿದೆಯಲ್ಲ, ಅದು ಚಂದ್ರಮೌಳಿಯವರ ಕಲ್ಪನೆ. ‘ಪದಕ ಕೊಟ್ಟ ದಿನ ಎಲ್ಲರೆದುರು ಹೇಳಬೇಕೆಂದು ಎದ್ದೆ, ಬಾಯಿ ಬರಲಿಲ್ಲ’ ಎಂದು ಆ ಕಾಗದದಲ್ಲಿ ಅವನೇ ಒಪ್ಪಿಕೊಂಡಿದ್ದಾನೆ.

ನಾನು ಅದನ್ನು ಓದಿ ಹೇಳಿದಾಗ ಸಿದ್ದಮಲ್ಲಪ್ಪನವರು ಕಣ್ಣೊರೆಸಿಕೊಂಡರು. “ನಿಮ್ ಫ್ರೆಂಡು ಪುಸ್ತಕ ಬರೀತಾವ್ರೆ ಅಂದ್ರಲ್ಲ, ಅವ್ರಿಗೆ ಕೊಟ್ಬುಡಿ ಕಣಮ್ಮ. ನಮ್ಮಜ್ಜನ ಹೆಸ್ರು ಒಂದ್ ಕಡೆನಾದ್ರೂ ಬರ್ಲಿ,” ಅಂದರು.

ಕೊಡುತ್ತೇನೆ ಅಂದೆ. ಕೊಡಲಿಲ್ಲ. ನಿನ್ನ ಪುಸ್ತಕ ಬರಲಿ, ಎಲ್ಲರೂ ಹೊಗಳಲಿ, ಆಮೇಲೆ ಅದು ತಪ್ಪೆಂದು ನಾನು ತೋರಿಸುತ್ತೇನೆ ಎಂದು ಕಾದೆ. ಲೇಖನವೂ ಸಿದ್ಧವಾಗಿತ್ತು. ಬರುವ ಭಾನುವಾರ ಪತ್ರಿಕೆಯಲ್ಲಿ ಬರಬೇಕಿತ್ತು.

ನಿನ್ನೆ ಸಿದ್ದಮಲ್ಲಪ್ಪನವರು ನಿನ್ನ ಪುಸ್ತಕ ಕೊಂಡುಕೊಂಡು ಮನೆಗೆ ಬಂದರು. ಪುಟಪುಟವೂ ಹುಡುಕಿದ್ದಾರೆ. “ಅಜ್ಜನ ಹೆಸ್ರೇ ಇಲ್ವಲ್ಲಮ್ಮ. ಅವ್ರು ನಂಬ್ಲಿಲ್ವಾ?” ಎಂದು ಕೇಳಿದರು.

ಹೌದು, ನಂಬಲಿಲ್ಲ ಅಂದುಬಿಟ್ಟೆ. ಅಷ್ಟು ಸಲೀಸಾಗಿ ಬಂತು ಸುಳ್ಳು. ಆ ಹಿರಿಯರು ನನ್ನ ಮಾತನ್ನು ಅನುಮಾನಿಸಲೇ ಇಲ್ಲ. “ದೊಡ್ಡೋರು, ಅವ್ರಿಗೇನ್ ಕಾರಣ ಇತ್ತೋ” ಎನ್ನುತ್ತ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಗೇಟಿನ ತನಕ ಓಡಿಹೋಗಿ ತಡೆದೆ. ಅಲ್ಲೇ ನಿಂತು ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಪೆಟ್ಟಿಗೆಯನ್ನು ಈ ಸಲ ತಾವೇ ನಿನಗೆ ಮುಟ್ಟಿಸುವುದಾಗಿ ಹೇಳಿದರು.

ಇವತ್ತು ಬೆಳಿಗ್ಗೆ ಲೇಖನ ವಾಪಸು ತೆಗೆದುಕೊಂಡೆ. ಪೆಟ್ಟಿಗೆಯನ್ನೂ ಈ ಕಾಗದವನ್ನೂ ಅವರೇ ಇಲ್ಲಿನ ನಿನ್ನ ಮನೆಗೆ ತರುತ್ತಾರೆ. ಎರಡನೇ ಮುದ್ರಣದಲ್ಲಿ ಆ ಮೆಟ್ಟಿಲಿನ ಅಧ್ಯಾಯ ತಿದ್ದು. ನನ್ನನ್ನು ಕ್ಷಮಿಸುವುದು ಬಿಡುವುದು ಆಮೇಲಿನ ಮಾತು.

ಈಗಲೂ ನಿನ್ನವಳೇ ಅಂದುಕೊಂಡಿರುವ,
ಬಿಂದುಶ್ರೀ

ಮರೆತ ಮಾತು: ಲಕೋಟೆ ಅಂಟಿಸುವ ಮೊದಲು ಕಾಗದವನ್ನು ಸಿದ್ದಮಲ್ಲಪ್ಪನವರಿಗೆ ಓದಿ ಹೇಳಿದೆ. “ಪೆಟ್ಟಿಗೆ ಹುಡುಕ್ಕೊಟ್ಟಿದ್ದು ನೀವು ಅಂತ್ಲೂ ಪುಸ್ತಕದಲ್ಲಿ ಹಾಕ್ಸ್ಲಾ?” ಎಂದು ನನ್ನನ್ನು ಕೇಳಿದರು. ಬೇಡ ಅನ್ನಬೇಕಿತ್ತು. ಚೀಟಿಯಲ್ಲಿ ನನ್ನ ಪೂರ್ತಿ ಹೆಸರು ಬರೆದುಕೊಟ್ಟಿದ್ದೇನೆ.