ದೋಣಿಮನೆಗೆ ಕಾಣುತ್ತಿದ್ದ ದೀಪ

ನವೆಂಬರ್ 14, ಗುರುವಾರ

ತೀರಿಕೊಂಡ ಅಪ್ಪನ ಬಗ್ಗೆ ಪತ್ರಿಕೆಗೆ ಬರೆಯುವಾಗ ಒಂದು ಮಾತನ್ನು ಬಿಟ್ಟೇಬಿಡುವವಳಿದ್ದೆ: ಅವರು ನಮ್ಮ ಜೊತೆ ಕೂತು ಉಂಡದ್ದು ಅಪರೂಪ. ದಡದಲ್ಲಿ ದೋಣಿ ಇಡುವ ದೋಣಿಮನೆಯಲ್ಲಿ ಕೂತು ನಮ್ಮ ಅಡುಗೆಮನೆ ಕಿಟಕಿಯ ದೀಪದ ಮೇಲೆ ಅವರು ಬರೆದ ಕವಿತೆ ನಾರ್ವೆಯ ಶಾಲೆಮಕ್ಕಳಿಗೆಲ್ಲ ಬಾಯಿಪಾಠ.

ಆ ಮಾತಿಲ್ಲದ ಬರಹವನ್ನು ಅಮ್ಮನಿಗೆ ಓದಿದೆ. ಅವಳು ಆಲೂಗಡ್ಡೆ ಸುಲಿಯುತ್ತಲೇ ಇದ್ದಳು.

“ಇದ್ಯಾರೇ, ಸಂತರಾ? ಆ ದೀಪ ಹಚ್ತಾ ಇದ್ದಿದ್ದು ನಾನು, ಮೀನು ಬೆಂದಿದೆ ಬನ್ನಿ ಅಂತ. ನಿಮ್ಮಪ್ಪ ಅದನ್ನ ನೋಡ್ಕೊಂಡು ಕವಿತೆ ಬರೀತಾ ಕೂತ್ಬಿಡೋರು.”

“ಇದನ್ನ ಬರೀಲಾ ಅಮ್ಮ?”

“ಬರಿ. ಮೀನು ಆರಿಹೋಗ್ತಿತ್ತು ಅಂತಾನೂ ಬರಿ.”

ಕವಿತೆಯನ್ನು ಮತ್ತೆ ಓದಿದೆ. ಈಗಲೂ ಚೆನ್ನಾಗಿದೆ. ಅದೇ ಕಷ್ಟ.

ಅಮ್ಮ ಇವತ್ತೂ ಕಿಟಕಿಯಲ್ಲಿ ದೀಪ ಹಚ್ಚಿಟ್ಟೇ ಮಲಗಿದ್ದಾಳೆ. ಅವಳ ಮಾತನ್ನು ಮೀನಿನ ಸಮೇತ ಸೇರಿಸಿದ್ದೇನೆ. ಅಂಚೆಗೆ ಹಾಕುವುದು ಸೋಮವಾರ, ನವೆಂಬರ್ 18.